ಏಳು ದಿನದ ಪಾಸು

"ಮೂರ ದಿನದ್ದ ಸಾಕ್ರಿ," ಎಂದು ಮಂಗಲ ಮೂರನೆಯ ಸಲ ಹೇಳಿದಳು.

ಬಾಳಾಸಾಬ ಎತ್ತಿದ ಪೆನ್ನನ್ನು ಮತ್ತೆ ಕೆಳಗಿಟ್ಟ. ಅವನು ಮಂಗಲಳ ಅವ್ವ ತಾರಾಬಾಯಿಯ ಮುಖ ನೋಡುತ್ತಿದ್ದ. ತಾರಾಬಾಯಿ ನೆಲ ನೋಡುತ್ತಿದ್ದಳು.

ತೊಂಬತ್ತೊಂದನೆಯ ಇಸವಿಯ ದೀಪಾವಳಿ ರಜೆ. ನಿಪ್ಪಾಣಿಯ ಬಸ್ ಸ್ಟ್ಯಾಂಡಿನ ಎದುರು ಬಾಳಾಸಾಬನ ಟ್ರಾವೆಲ್ಸ್ ಅಂಗಡಿ. ಮಹಾಬಳೇಶ್ವರದ ಗುಡ್ಡ ನೋಡುವವರಿಗೆ ಅವನಲ್ಲಿ ಎರಡು ಬಗೆಯ ಪಾಸು. ಮೂರು ದಿನದ್ದಕ್ಕೆ ದೊಡ್ಡ ಬಸ್ಸು, ಐವತ್ತು ಮಂದಿ. ಏಳು ದಿನದ್ದಕ್ಕೆ ಪನ್ಹಾಳವೂ ಸೇರಿ, ನಾಲ್ಕು ಮಂದಿಗೊಂದು ಜೀಪು. ಇವತ್ತು ಹೊರಡುವ ಜೀಪಿನಲ್ಲಿ ಎರಡು ಸೀಟು ಆಗಲೇ ಹೋಗಿದ್ದವು.

ಆ ಎರಡು ಸೀಟು ಹಿಡಿದವರು ಬೇವಿನ ಮರದ ಕೆಳಗೆ ನಿಂತಿದ್ದರು. ಅಥಣಿ ಕಡೆಯ ದ್ರಾಕ್ಷಿ ತೋಟದವರು, ಅಪ್ಪ ಮತ್ತು ಮಗ. ಅಪ್ಪ ಧರೆಪ್ಪ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಟೋಪಿ, ಐವತ್ತರ ಆಸುಪಾಸು. ಮಗ ಭೀಮಗೊಂಡನಿಗೆ ಇಪ್ಪತ್ತಾರೋ ಇಪ್ಪತ್ತೇಳೋ. ಗಳಿಗೆಗೊಮ್ಮೆ ಇತ್ತ ನೋಡುವುದು, ಮಂಗಲ ತಿರುಗಿದರೆ ಬಸ್ಸಿನ ಬೋರ್ಡು ಓದುವುದು.

ಹೆಣ್ಣು ನೋಡಲು ಬಂದಿದ್ದಾರೆ. ಮಂಗಲಳಿಗೆ ಅದರಲ್ಲಿ ಅನುಮಾನವಿರಲಿಲ್ಲ.

ಪ್ರವಾಸದ ಮಾತು ತೆಗೆದದ್ದೇ ಪಕ್ಕದ ಮನೆಯ ಜಿನಮತಿ ಕಾಕು. ಗಂಡ ಸತ್ತ ಮೇಲೆ ಉಡಿಕಿಯಾಗಿ ಎರಡನೆಯ ಸಂಸಾರ ಹೂಡಿ ಸುಖವಾಗಿದ್ದ ಆಕೆಗೆ, ತಮ್ಮ ಊರು ಸದಲಗಾದಲ್ಲಿ ಸಂಬಂಧ ಕೂಡಿಸುವುದೇ ಕೆಲಸ. "ಏಳ ದಿನ ಜೋಡೀಲೆ ಅಡ್ಡ್ಯಾಡಿದ್ರ ಮನಷ್ಯಾರ ಗುಣ ತಿಳಿತೈತಿ," ಎಂದು ಆಕೆ ಅವ್ವನಿಗೆ ಪಿಸುಗುಟ್ಟಿದ್ದನ್ನು ಮಂಗಲ ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದಳು.

ಸಾಲದ್ದಕ್ಕೆ ನಿನ್ನೆ ಚೀಲ ತುಂಬುವಾಗ ಶಾಲಿನ ಕೆಳಗೆ ಒಂದು ಪೊಟ್ಟಣ ಸಿಕ್ಕಿತ್ತು. ಬಿಚ್ಚಿದರೆ ಒಂದು ಡಜನ್ ಹಸಿರು ಬಳೆ. ಒಂದನ್ನು ಏರಿಸಿ ನೋಡಿದಳು, ಕೈಯಿಂದ ಜಾರಿ ಬಿತ್ತು. ಅವಳದು ಎರಡೂಕಾಲು, ಇವು ಎರಡೂವರೆ. ಮಗಳನ್ನು ಸಾಗಹಾಕುವ ಅವಸರದಲ್ಲಿ ಅವ್ವನಿಗೆ ಕೈಯ ಅಳತೆಯೂ ಮರೆತಿತ್ತು. ಅದು ಮಂಗಲಳ ಮನಸ್ಸಿಗೆ ಚುಚ್ಚಿತ್ತು. ರಾತ್ರಿಯೆಲ್ಲ ಹೊರಳಾಡಿದ್ದಳು.

ಅವಳಿಗೆ ಆರು ವರ್ಷವಿದ್ದಾಗ ಅಪ್ಪ ತೀರಿಕೊಂಡಿದ್ದ. ಅವ್ವ ಎರಡು ಎಮ್ಮೆ ಕಟ್ಟಿ, ಡೇರಿಗೆ ಹಾಲು ಹಾಕಿ ಓದಿಸಿದಳು. ಈಗ ಮಂಗಲ ಶಾಲೆಯ ಅಕ್ಕೋರು. ಬಂದ ಮೂರು ಸಂಬಂಧ ತಿರುಗಿಸಿ ಕಳಿಸಿದ್ದಳು, ಕಾರಣ ಒಂದೇ. ಹೊತ್ತು ಮುಳುಗುವುದರೊಳಗೆ ಉಣ್ಣುವ ಜೈನರ ಮನೆ ಅವರದು. ಶಾಲೆಯಿಂದ ಬರುವುದು ತಡವಾದ ದಿನ ಅವ್ವ ಅಡಿಗೆ ಮುಚ್ಚಿಟ್ಟು ಉಣ್ಣದೆ ಹಾಗೇ ಮಲಗುತ್ತಿದ್ದಳು. ಒಬ್ಬಳೇ ಕುಳಿತು ಉಣ್ಣುವುದು ಆಕೆಗೆ ಆಗುತ್ತಿರಲಿಲ್ಲ. ತಾನು ಗಂಡನ ಮನೆಗೆ ಹೋದರೆ ಅವ್ವನ ಎದುರು ತಾಟು ಹಾಕುವವರು ಯಾರು?

ಬಾಳಾಸಾಬ ಕೆಮ್ಮಿದ. "ಜೀಪನ್ಯಾಗ ಮುಂದಿನ ಸೀಟ ನಿಮ್ಮ ಅವ್ವಾರಿಗಂತ ಇಟ್ಟೀನ್ರಿ. ಘಾಟನ್ಯಾಗ ಅವರಿಗೆ ಹೊಟ್ಟಿ ತೊಳಸ್ತೈತಂತ, ಧರೆಪ್ಪಣ್ಣ ಹೇಳ್ಯಾರ. ದಿನಾ ಹೊತ್ತ ಮುಳುಗೂದ್ರಾಗ ಊಟಕ್ಕ ನಿಲ್ಲಸ್ಬೇಕಂತ, ಅದನ್ನೂ ಹೇಳ್ಯಾರ."

ಜಿನಮತಿ ಕಾಕು ಏನನ್ನೂ ಬಿಟ್ಟಿಲ್ಲ, ಎಂದುಕೊಂಡಳು ಮಂಗಲ. ಹುಡುಗಿಯ ತಾಯಿಯನ್ನು ಒಲಿಸಿಕೊಂಡರೆ ಹುಡುಗಿ ತಾನಾಗಿ ಒಲಿಯುತ್ತಾಳೆಂದು ಇವರ ಎಣಿಕೆ. ಜಾಣರು.

"ಅವ್ವಾ, ನೀನ ಹೇಳು. ಯಾವ ಪಾಸು?"

ತಾರಾಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನೀ ಯಾವದ ಅಂತಿ, ಅದ. ನೀ ಒಲ್ಲೆ ಅಂದ್ರ ಈ ಮಾತ ನಾ ಮತ್ತ ತಗಿಯಂಗಿಲ್ಲ, ಮಂಗಲ."

ಮಂಗಲಳಿಗೆ ಒಂದು ಕ್ಷಣ ಕೆಡುಕೆನಿಸಿತು. ಆದರೆ ಏಳು ದಿನ ಒಂದೇ ಜೀಪಿನಲ್ಲಿ ಆಸೆ ಹಚ್ಚಿ ಕೊನೆಗೆ ಇಲ್ಲ ಎನ್ನುವುದಕ್ಕಿಂತ ಈಗಲೇ ಹೇಳಿಬಿಡುವುದು ಮರ್ಯಾದೆ. ಸರಸರನೆ ಬೇವಿನ ಮರದತ್ತ ನಡೆದಳು.

ಅವಳು ಬರುವುದನ್ನು ಕಂಡು ಧರೆಪ್ಪ ಟೋಪಿ ಸರಿಮಾಡಿಕೊಂಡ. ಶಾಲೆಯಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನಂತೆ ಮುಖ ಕೆಂಪಗೆ ಮಾಡಿಕೊಂಡು ಅಂಗಡಿಯ ಕಡೆ ಸರಿದುಹೋದ. ಮಗ ಮಾತ್ರ ಉಳಿದ. ಒಳ್ಳೆಯದೇ ಆಯಿತು.

"ನೋಡ್ರಿ, ಸಿಟ್ಟಾಗಬ್ಯಾಡ್ರಿ," ಎಂದಳು ಮಂಗಲ. "ನೀವು ಅಷ್ಟ ದೂರದಿಂದ ಬಂದೀರಿ. ಆದ್ರ ಈ ಸಂಬಂಧ ಆಗೂದಿಲ್ಲ. ನಮ್ಮವ್ವನ್ನ ಒಬ್ಬಾಕಿನ್ನ ಬಿಟ್ಟ ನಾ ಯಾರ ಮನಿಗೂ ಹೋಗಾಕಿ ಅಲ್ಲ."

ಭೀಮಗೊಂಡ ಅವಳನ್ನೇ ನೋಡಿದ. ಅವನ ಮುಖದಲ್ಲಿ ಬೇಸರವಿರಲಿಲ್ಲ, ದಿಗಿಲಿತ್ತು.

"ನೀವ್ಯಾಕ ಹೋಗ್ತೀರಿ, ಅಕ್ಕೋರ?" ಎಂದ ಮೆಲ್ಲಗೆ. "ನನ್ನ ಮದುವ್ಯಾಗಿ ಎರಡ ವರ್ಷ ಆತ್ರಿ. ನಮ್ಮವ್ವ ಹೋಗಿ ಆರು. ಅಪ್ಪಗ ಒಬ್ಬನ ಬರಾಕ ನಾಚಿಕಿ ಆತಂತ ಜೋಡಿ ಬಂದೀನಿ."

ಮಂಗಲ ಹಿಂತಿರುಗಿ ನೋಡಿದಳು. ಅಂಗಡಿಯ ಮೆಟ್ಟಿಲ ಬಳಿ ಧರೆಪ್ಪ ಕಿಸೆಯಿಂದ ಒಂದು ನಿಂಬೆಹಣ್ಣು ತೆಗೆದು, ಘಾಟಿನಲ್ಲಿ ಮೂಸಲೆಂದು, ತೋಳುದ್ದ ದೂರದಿಂದಲೇ ಚಾಚಿ ಹಿಡಿದಿದ್ದ. ಅವ್ವ ಅದನ್ನು ತೆಗೆದುಕೊಳ್ಳದೆ, ಬೇಡವೆಂದೂ ಹೇಳದೆ, ಮಗಳ ಕಡೆಯೇ ನೋಡುತ್ತ ನಿಂತಿದ್ದಳು.

ಮಂಗಲ ಅಂಗಡಿಯ ಕಿಟಕಿಗೆ ಹೋಗಿ ಫಾರಮು ತನ್ನತ್ತ ಎಳೆದುಕೊಂಡಳು. "ಏಳ ದಿನದ್ದ ಬರೀರಿ," ಎಂದಳು.

ಆ ಹಸಿರು ಬಳೆ ಎರಡೂವರೆ, ಅವ್ವನ ಕೈಯ ಅಳತೆ.