ಎಲ್ಲವೂ ಎಡತೋಳು

"ನಷ್ಟಾನ ಎಲ್ರೂ ಸೇರಿ ಹೊರೋಣ ಅನ್ನೋರು ಕೈ ಎತ್ತಿ," ಎಂದು ಟೈಲರ್ ಅಕ್ಕ ಕೇಳಿದಾಗ ಕಟಿಂಗ್ ಹುಡುಗಿ ತಲೆ ಎತ್ತಲಿಲ್ಲ. ಅವಳ ಮುಂದೆ ಮೇಜಿನ ಮೇಲೆ ಅಂಗಿಯ ತೋಳುಗಳ ರಾಶಿ ಬಿದ್ದಿತ್ತು. ಎಡ-ಬಲ ಜೋಡಿಯಾಗಿ ಬರುವಂತೆ ಬಟ್ಟೆಯನ್ನು ಮುಖಕ್ಕೆ ಮುಖ ಕೂಡಿಸಿ ಹಾಸುವುದನ್ನು ಮರೆತು ಕತ್ತರಿಸಿದ್ದಳು. ಅಷ್ಟೂ ಎಡತೋಳುಗಳೇ ಆಗಿದ್ದವು.

ಮಾಲೀಕ ಬಿಟ್ಟುಹೋದ ಆ ಹೊಲಿಗೆ ಕಾರ್ಖಾನೆಯನ್ನು ಈಗ ಕೆಲಸಗಾರರೇ ಸೇರಿ ನಡೆಸುತ್ತಿದ್ದರು. ಮೊದಲು ಒಬ್ಬನಿಗೆ ಹೆದರಿದರೆ ಸಾಕಿತ್ತು. ಈಗ ಸುತ್ತ ನಿಂತ ಒಂದೊಂದು ಮುಖಕ್ಕೂ ಹೆದರಬೇಕಾಗಿತ್ತು. ನಷ್ಟ ಅವಳೊಬ್ಬಳ ತಲೆಗೆ ಬಿದ್ದರೆ ತಿಂಗಳುಗಟ್ಟಲೆ ಮನೆಯಲ್ಲಿ ಒಲೆ ಉರಿಯುವಂತಿರಲಿಲ್ಲ.

"ಲಾಭ ಹಂಚ್ಕೊಳ್ಳೋಣ ಅಂದ್ರಿ, ಒಪ್ಕೊಂಡೆ. ಇವಳ ನಿದ್ದೆಗಣ್ಣನ್ನೂ ಹಂಚ್ಕೋಬೇಕಾ?" ಎಂದ ಇಸ್ತ್ರಿ ಮಾವ ಕೈ ಕಟ್ಟಿಕೊಂಡೇ ನಿಂತಿದ್ದ. ಕೆಲವರು ನಕ್ಕರು. ಅಕ್ಕ ಎತ್ತಿದ ಕೈಗಳನ್ನು ಎಣಿಸಿದಳು. "ಸಮಸಮ ಆಯ್ತು. ನಿಂದೊಂದು ಬಾಕಿ ಇದೆ ಕಣೇ."

"ನಂದಾ ಅಕ್ಕಾ? ತಪ್ಪು ಮಾಡಿದ್ದೇ ನಾನಲ್ವಾ..."

"ತಪ್ಪು ಮಾಡಿದ್ರೆ ಪಾಲು ಹೋಗುತ್ತಾ? ಹೇಳು."

ತಲೆ ತಗ್ಗಿಸುವುದು ಅವಳಿಗೆ ರೂಢಿಯಾಗಿತ್ತು. ತನಗಾಗಿ ಕೈ ಎತ್ತುವುದು ಗೊತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಕೈ ಎತ್ತಿದಳು. "ಒಂದು ಕೈ ಜಾಸ್ತಿ ಆಯ್ತು, ನಷ್ಟ ಎಲ್ರದ್ದೂ," ಎಂದಳು ಅಕ್ಕ. ಕಣ್ಣು ತೆರೆದರೆ ಇಸ್ತ್ರಿ ಮಾವ ಎದುರಿಗೇ ಬಂದು ನಿಂತಿದ್ದ.

"ನಾಳೆ ಬಟ್ಟೆ ಹಾಸೋವಾಗ ನನ್ನ ಕರಿ," ಎಂದ. "ನಂದೂ ದುಡ್ಡು ಹೋಯ್ತಲ್ಲ. ಇನ್ಮೇಲೆ ಆ ತುದಿ ನಾನು ಹಿಡೀತೀನಿ."