ಕೆಂಪು ಗೆರೆ

ಡಾಕ್ಟರ್ ಉದಯಶಂಕರರ ಕೆಂಪು ಪೆನ್ನು ಲೋಲಾಕ್ಷಿಯ ಪುಸ್ತಕದ ಆ ಎರಡು ವಾಕ್ಯಗಳ ಮೇಲೆ ಮೂರು ಸಲ ಓಡಿತು. 'ಮಧ್ಯಾಹ್ನ ಹನ್ನೆರಡಕ್ಕೆ ವೈದ್ಯರಿಗೆ ಹೇಳಿ ಕಳುಹಿಸಲಾಯಿತು. ಅವರು ಬಂದದ್ದು ನಾಲ್ಕಕ್ಕೆ.' ನೆರಿಯ ಊರಿನ ಸೇಸಮ್ಮನ ಮಗು ತೀರಿಕೊಂಡದ್ದು ಮೂರೂವರೆಗೆ ಎಂಬ ಮುಂದಿನ ಸಾಲನ್ನು ಅವರು ಮುಟ್ಟಲಿಲ್ಲ.

"ಸಿಸ್ಟರ್, ನೀವು ಡಿಗ್ರಿ ಮಾಡ್ಲಿಕ್ಕೆ ಹೋದದ್ದಾ, ನನ್ನ ಮೇಲೆ ಪಿರ್ಯಾದಿ ಬರೀಲಿಕ್ಕಾ?" ಎಂದು ನಕ್ಕರು. "ಇದೊಂದನ್ನು ಬಿಟ್ಟು ಬೇರೆ ಬರೆದು ತನ್ನಿ, ಸಹಿ ಹಾಕ್ತೇನೆ. ಬಾಕಿ ಎಲ್ಲ ಚಂದ ಉಂಟು."

ಲೋಲಾಕ್ಷಿಯ ಕಿವಿ ಬಿಸಿಯಾಯಿತು. ಹನ್ನೆರಡು ವರ್ಷ ಇದೇ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು, ಈಗ ರಜೆ ಹಾಕಿ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಳು. ತಾನು ಆರೈಕೆ ಮಾಡಿದ ಒಬ್ಬ ರೋಗಿಯ ಬಗ್ಗೆ ಬರೆದು ನಾಳೆಯೊಳಗೆ ಕಾಲೇಜಿಗೆ ಕೊಡಬೇಕು. ಡಾಕ್ಟರ ಸಹಿಯಿಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಆ ಮಗು ತಣ್ಣಗಾದದ್ದು ಅವಳ ಕೈಯಲ್ಲೇ. ಇವರು ಅಂದು ಮೂಡಬಿದ್ರೆಯಲ್ಲಿ ಯಾರದೋ ಮದುವೆಯ ಊಟಕ್ಕೆ ಹೋಗಿದ್ದರು.

ಅವಳು ಪುಸ್ತಕವನ್ನು ಅವರತ್ತ ಮತ್ತೆ ಸರಿಸಿದಳು.

"ಬೇರೆ ಬರೆಯುವುದಿಲ್ಲ ಸಾರ್. ರೋಗಿಯ ಚಾರ್ಟಿನಲ್ಲಿ ತಪ್ಪಾದರೆ, ಗೆರೆ ಎಳೆದವರೇ ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು ಅಂತ ನಮಗೆ ಬೈದು ಬೈದು ಕಲಿಸಿದ್ದು ನೀವೇ ಅಲ್ವಾ? ಇಲ್ಲಿ ಜಾಗ ಉಂಟು, ಬರೆಯಿರಿ. ನೀವು ಎಷ್ಟು ಗಂಟೆಗೆ ಬಂದದ್ದು?"

ಡಾಕ್ಟರ ನಗು ನಿಂತಿತು. ಅವರು ಗೋಡೆಯ ಕ್ಯಾಲೆಂಡರ್ ನೋಡಿದರು, ಪೆನ್ನಿಗೆ ಮುಚ್ಚಳ ಹಾಕಿದರು.

"ಹಾಗಾದರೆ ಸಹಿ ಇಲ್ಲದೆ, ನಿಮ್ಮ ಗೆರೆ ಸಮೇತ ಹೀಗೆಯೇ ಕಾಲೇಜಿಗೆ ಕೊಡ್ತೇನೆ," ಎಂದ ಲೋಲಾಕ್ಷಿ ಅವರ ಕೈಯಡಿಯಿಂದ ಪುಸ್ತಕವನ್ನು ಎಳೆದುಕೊಂಡಳು.