ಮುಖ ನೋಡಿ ಓದುವ ಪುಸ್ತಕ

ಮುಖಕ್ಕೆ ಪೌಡರ್ ಮೆತ್ತಿಕೊಂಡು ಬಂದಳೆಂದು ಇತಿಹಾಸದ ಮಾಸ್ತರರು ನನ್ನ ಮಗಳು ಕತ್ರಿನ್‌ಳನ್ನು ಹೊರಗೆ ನಿಲ್ಲಿಸಿ, ನನ್ನನ್ನು ಕರೆಸಿದರು.

“ಪುಸ್ತಕ ಮುಖದ ಬಣ್ಣ ನೋಡಿ ಪಾಠ ಓದ್ತದೆ. ಅದಕ್ಕೇ ಮೋಸ ಮಾಡ್ತಾಳಲ್ಲ!”

“ಬೆಳ್ಳಗಿದ್ದ ಮಕ್ಕಳಿಗೆ ಪರಂಗಿಯವರನ್ನ ಹೊಡೆದೋಡಿಸಿದ ರಾಣಿಯರ ಪಾಠ ಬರ್ತದಂತೆ. ಇವಳಿಗೂ ಅದೇ ಕೇಳೋ ಆಸೆ, ಮಾಸ್ತರ್ರೇ.”

“ಸಿದ್ದಿಗಳಿಗೆ ಸಿದ್ದಿಗಳ ಪಾಠ ಸಾಕು.”

ಒಲೆ ಮುಂದಿನಿಂದ ಹಾಗೇ ಎದ್ದು ಬಂದಿದ್ದೆ. ಅಂಗೈಯ ಮಸಿಯನ್ನೆಲ್ಲ ಅವರ ಕೆನ್ನೆಗೆ ಒರೆಸಿ, ಪುಸ್ತಕವನ್ನು ಅವರದೇ ಮುಖದೆದುರು ಹಿಡಿದೆ. ಅದು ಗಟ್ಟಿಯಾಗಿ ಓದತೊಡಗಿತು:

“ನಿನ್ನ ಅಜ್ಜಂದಿರನ್ನು ಪರಂಗಿಯವರು ಹಡಗಿನಲ್ಲಿ ತಂದು ಮಾರಿದರು. ಅದರಿಂದಲೇ ನಿನ್ನವರು ಮನುಷ್ಯರಾದರು. ಆ ಉಪಕಾರ ಮರೆಯಬೇಡ.”

ಮಕ್ಕಳೆಲ್ಲ ಕಿಟಕಿಗೆ ಮುತ್ತಿದ್ದರು.

“ಮುಚ್ಚೇ ಅದನ್ನ!” ಮಾಸ್ತರರು ಕಿರುಚಿದರು.

“ಯಾಕೆ ಮಾಸ್ತರ್ರೇ? ನನ್ನ ಮಗಳಿಗೆ ಇದನ್ನೇ ಬಾಯಿಪಾಠ ಮಾಡಿಸಿದ್ರಲ್ಲ.”